ಕರಿ ಡಬ್ಬಿಯ ಬಿಸಿಲೂಟ

ವೀಣಾ, ನಿನ್ನೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಪಾತ್ರೆ ತಿಕ್ಕುವ ತಂತಿ ಹಿಡಿದು ಒಂದೇ ಸಮನೆ ಉಜ್ಜುತ್ತಿದ್ದೆಯಲ್ಲ, ಆ ಡಬ್ಬಿಗೆ ಮಸಿ ಹಿಡಿದಿಲ್ಲ. ಅದರ ಬಣ್ಣವೇ ಕಪ್ಪು. ಬೇಕೆಂದೇ ಬಳಿದ ಕಪ್ಪು. ನಾನು ಬಂದು ಕಸಿದುಕೊಂಡಾಗ ನೀನು ಅಂದೆ, “ಏನಜ್ಜಿ, ಎಷ್ಟ್ ವರ್ಷದ ಮಸಿ ಇದು? ನಿನಗ ಪಾತ್ರಿ ತಿಕ್ಕಾಕ ಬರೂದಿಲ್ಲೇನು?” ಹುಟ್ಟಿದಾಗಿನಿಂದ ಪಾತ್ರೆ ತಿಕ್ಕಿಕೊಂಡೇ ಬಂದ ಕೈಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಗಲಾರದು. ನಿನ್ನ ಮುಖಕ್ಕೆ ಆಗ ಬಿಳಿ ಕ್ರೀಮು ಮೆತ್ತಿಕೊಂಡಿತ್ತು. ಡಬ್ಬಿಯನ್ನೂ ಮುಖವನ್ನೂ ಒಂದೇ ದಿನ ಬೆಳ್ಳಗೆ ಮಾಡಿ ಮುಗಿಸುವ ವಿಚಾರವಿತ್ತೆಂದು ಕಾಣುತ್ತದೆ.

ನಾನು ಏನೂ ಹೇಳದೆ ಡಬ್ಬಿ ಎತ್ತಿಕೊಂಡು ಒಳಗೆ ಹೋದೆ. ನೀನು ಸಿಟ್ಟು ಅಂದುಕೊಂಡೆ. ಸಿಟ್ಟಲ್ಲ. ನನಗೆ ಹೇಳಬೇಕಾದದ್ದು ಹೇಳಬೇಕಾದ ಹೊತ್ತಿಗೆ ಬಾಯಿಗೆ ಬರುವುದಿಲ್ಲ, ಅಷ್ಟೇ. ನಾಲ್ಕು ಜನ ಕೂತಲ್ಲಿ ನನ್ನ ಹೆಸರು ಕೇಳಿದರೂ ಸೆರಗು ಹುಡುಕುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ನೀನು ಓದು, ನಿನ್ನ ತಮ್ಮ ಪ್ರಭುವಿಗೂ ಓದಿ ಹೇಳು. ಸೂರ್ಯ ಅಂದರೆ ಬೆಂಕಿಯ ಚೆಂಡು ಎಂದು ಬಾಯಿಪಾಠ ಮಾಡುತ್ತಾ ಮನೆಯ ತುಂಬ ಓಡಾಡುತ್ತಿದ್ದಾನೆ, ಪಾಪ. ಆ ಬೆಂಕಿಗೆ ಕಟ್ಟಿಗೆ ಹಾಕುವವರು ಯಾರೋ ಎಂದರೆ “ಅದು ಪಾಠದಾಗ ಇಲ್ಲ” ಅನ್ನುತ್ತಾನೆ.

ಆ ಪ್ರಶ್ನೆ ನನ್ನದು. ಬಹಳ ಹಳೆಯದು. ದೊಡವಾಡದ ಆಚೆ ನನ್ನ ತವರೂರಿನ ಸಾಲೆಯಲ್ಲಿ ನಾನೂ ಚೋಟುದ್ದ ಇದ್ದಾಗ ಎದ್ದು ನಿಂತು ಕೇಳಿದ್ದೆ. ನಮ್ಮ ಮನೆಯಲ್ಲಿ ಬೆಂಕಿ ಅಂದರೆ ಅದಕ್ಕೆ ಯಾರಾದರೂ ಉಣ್ಣಿಸಬೇಕಿತ್ತು. ಒಲೆಗೆ ಹತ್ತಿಯ ಕಟ್ಟಿಗೆ, ನೀರೊಲೆಗೆ ಕುಳ್ಳು. ಉಣ್ಣಿಸುವುದು ಅವ್ವನ ಕೆಲಸ, ಊದುವುದು ನನ್ನದು. ಎರಡು ಕ್ಷಣ ಕೈಬಿಟ್ಟರೆ ಹೊಗೆ, ಹೊಗೆಯ ಹಿಂದೆ ಬೈಗುಳ. ಹೀಗಿರುವಾಗ ಅಷ್ಟು ದೊಡ್ಡ ಒಲೆ ದಿನವಿಡೀ ಉರಿಯುತ್ತದಲ್ಲ, ಅಲ್ಲಿ ಕೂತು ಊದುತ್ತಿರುವ ಹುಡುಗಿಯ ಕಣ್ಣು ಏನಾಗಿರಬೇಕು ಎಂಬುದು ನನ್ನ ಚಿಂತೆ. “ಗುರುಗಳ, ಸೂರ್ಯನ ಒಲಿಗಿ ಕಟಗಿ ಹಾಕಾವ್ರು ಯಾರ್ರಿ?” ಅಂದೆ.

ಗುರುಗಳು ನಶ್ಯದ ಡಬ್ಬಿ ಮುಚ್ಚಿದರು. “ನಿಮ್ಮಪ್ಪ,” ಅಂದರು.

ಸಾಲೆ ನಕ್ಕಿತು. ಗುರುಗಳು ತಾವು ಹೇಳಿದ ಉತ್ತರಕ್ಕೆ ತಾವೇ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು. ಅವರಿಗೆ ಉತ್ತರ ಗೊತ್ತಿರಲಿಲ್ಲ ಎಂದು ಈಗ ಗೊತ್ತು. ಆಗ ಮಾತ್ರ, ಕೇಳಿದ್ದೇ ತಪ್ಪು ಎಂದು ಕೂತುಬಿಟ್ಟೆ. ಕೂತವಳು ಏಳಲಿಕ್ಕೆ ಬಹಳ ವರ್ಷ ಹಿಡಿಯಿತು.

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಸೂರ್ಯನ ಜೊತೆ ನನ್ನ ವ್ಯವಹಾರ ಹೆಚ್ಚಾಯಿತೇ ಹೊರತು ಮಾತುಕತೆ ಆಗಲಿಲ್ಲ. ಸಂಡಿಗೆ, ಶಾವಿಗೆ, ಮೆಣಸಿನಕಾಯಿ, ಮಾವನವರ ಹಾಸಿಗೆ, ಕೂಸಿನ ಕೌದಿ ಎಲ್ಲವನ್ನೂ ಹೊತ್ತು ಮಾಳಿಗೆ ಹತ್ತುವುದು, ಇಳಿಯುವುದು. ಬಿಸಿಲು ಹೆಂಗಸರ ಕೈಯಾಳು. ಅದನ್ನು ಯಾರೂ ಒಂದು ಸುದ್ದಿ ಎಂದು ಹೇಳಿದ್ದಿಲ್ಲ. ಹೀಗೆ ಎಷ್ಟೋ ವರ್ಷ ನಾವು ಬಳಸಿದ ಬಿಸಿಲನ್ನು ತೊಂಬತ್ತರ ಇಸವಿಯ ಆಚೀಚೆ ಒಂದು ದಿನ ನಿಮ್ಮ ಅಜ್ಜ ಕಂಡುಹಿಡಿದರು.

ಧಾರವಾಡದಲ್ಲಿ ಯಾವುದೋ ಪ್ರದರ್ಶನ ನೋಡಿ ಬಂದವರು, ದೊಡವಾಡದ ಬಸ್ಸಿನ ಟಾಪಿನ ಮೇಲಿಂದ ಒಂದು ಪೆಟ್ಟಿಗೆ ಇಳಿಸಿಕೊಂಡರು. ಟ್ರಂಕಿನಷ್ಟು ದೊಡ್ಡದು. ಒಳಗೆಲ್ಲ ಕಪ್ಪು, ಮೇಲೆ ಎರಡು ಪದರು ಗಾಜು, ಮುಚ್ಚಳದ ಒಳಮೈಗೆ ಕನ್ನಡಿ. ಅದರೊಳಗೆ ಕೂರಲಿಕ್ಕೆ ಈ ಕರಿ ಡಬ್ಬಿಗಳು. ಸೋಲಾರ್ ಕುಕ್ಕರ್ ಅಂತೆ. ಅಂಗಳದಲ್ಲಿ ಅದನ್ನಿಟ್ಟು, ಮುಚ್ಚಳ ತೆರೆದು, ಕನ್ನಡಿಯಿಂದ ಬಿಸಿಲು ಒಳಗೆ ಬೀಳುವಂತೆ ಓರೆ ಮಾಡಿ, ನಿಮ್ಮ ಅಜ್ಜ ಕೈ ಕಟ್ಟಿ ನಿಂತರು. ಅದೇನು ನಿಲುವು! ಸೂರ್ಯನನ್ನು ಸಂಬಳಕ್ಕೆ ಇಟ್ಟುಕೊಂಡವರ ಹಾಗೆ.

ನಮ್ಮ ಅತ್ತೆ ಹೊರಗೆ ಬಂದು ನೋಡಿದರು. “ಏನೋ ಇದು?”

“ಇನ್ನ ಮ್ಯಾಲ ಒಲಿ ಇಲ್ಲ ಅವ್ವಾ. ಸೂರ್ಯನ ಅಡಗಿ ಮಾಡ್ತಾನ.”

“ಶಿವಶಿವಾ! ದೇವರ ಕೈಲೆ ಬ್ಯಾಳಿ ಬೇಯಿಸ್ತೀಯೇನೋ!” ಎಂದು ಗದ್ದ ಹಿಡಿದುಕೊಂಡು, ಒಳಗೆ ಹೋಗಿ ವಿಭೂತಿ ತಂದು ಪೆಟ್ಟಿಗೆಗೆ ಮೂರು ಬೆರಳು ಎಳೆದರು. ಗಾಜಿನ ಮೇಲೆ ಎಳೆದದ್ದರಿಂದ ಅಂದಿನ ಅಡುಗೆ ಸ್ವಲ್ಪ ತಡವಾಯಿತು.

ಸುಳ್ಳೇಕೆ ಹೇಳಲಿ, ಅನ್ನ ಚೆನ್ನಾಗಿಯೇ ಬೇಯುತ್ತಿತ್ತು. ಹೊಗೆಯಿಲ್ಲ, ಊದುವುದಿಲ್ಲ. ಅಕ್ಕಿ ಆರಿಸುವುದು, ತೊಳೆಯುವುದು, ಬೇಳೆ ನೆನೆಹಾಕುವುದು, ಡಬ್ಬಿ ತುಂಬುವುದು, ಒಗ್ಗರಣೆ ಕೊಡುವುದು, ಆಮೇಲೆ ತೊಳೆದಿಡುವುದು ನನ್ನದು. ಸೂರ್ಯ ಸರಿದ ಹಾಗೆ ಪೆಟ್ಟಿಗೆಯನ್ನು ಒಂದಿಷ್ಟು ತಿರುಗಿಸುವುದು ಅವರದು. ಸಂಜೆ ಕಟ್ಟೆಗೆ ಹೋಗಿ, “ಇವತ್ತ ನಾನ ಅಡಗಿ ಮಾಡಿದ್ನಿ” ಅನ್ನುತ್ತಿದ್ದರು. ಉಪ್ಪಿನ ಭರಣಿ ಯಾವ ಮೂಲೆಯಲ್ಲಿದೆ ಎಂದು ತಿಳಿಯದ ಮನುಷ್ಯ! ನಾನು ಮಾಡಿದ ದಿನ ಅಡುಗೆ ತಾನಾಗಿ ಆಗುತ್ತಿತ್ತು, ಸೂರ್ಯ ಮಾಡಿದ ದಿನ ನಿಮ್ಮ ಅಜ್ಜ ಮಾಡುತ್ತಿದ್ದರು. ಊರವರು ಬಂದು ಗಾಜಿಗೆ ಮೂಗು ಹಚ್ಚಿ ನೋಡಿ, ಹೊಗಳಿ, ಚಹಾ ಕುಡಿದು ಹೋಗುತ್ತಿದ್ದರು. ಆ ಚಹಾ ಮಾತ್ರ ಒಲೆಯ ಮೇಲಿನದು, ಅದನ್ನು ಯಾರೂ ಕೇಳಲಿಲ್ಲ.

ಆಗ ನಿಮ್ಮವ್ವ ಗಿರಿಜಾ ಬೈಲಹೊಂಗಲದ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋಗಿ ಮಧ್ಯಾಹ್ನ ಬರುವವಳು. ಬಂದವಳೇ ಪೆಟ್ಟಿಗೆಯ ಹತ್ತಿರ ಕೂತು ಅದರ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿರಲಿಲ್ಲ, ಕನ್ನಡಿ ಸರಿಯಾಗಿ ತಿರುಗಿದೆಯೇ ಎಂದು ನೋಡುವಳು. ನಿನ್ನ ಹಾಗೆಯೇ ಎಣ್ಣೆಗಪ್ಪು. ಚೆಂದದ ಹುಡುಗಿ. ಒಂದು ದಿನ ನಾವಿಬ್ಬರೇ ಇದ್ದಾಗ, ನನ್ನ ಹಳೆಯ ಪ್ರಶ್ನೆಯನ್ನು ಮೆಲ್ಲಗೆ ಅವಳ ಮುಂದೆ ಇಟ್ಟೆ. ನಗಲಿಲ್ಲ ಅವಳು.

“ಕಟಗಿ ಯಾರೂ ಹಾಕೂದಿಲ್ಲವ್ವ. ಅದು ಉರಿಯೂ ಬೆಂಕಿನ ಅಲ್ಲ. ಸೂರ್ಯನ ಹೊಟ್ಟ್ಯಾಗ ಜಲಜನಕ ತುಂಬೇತಿ. ಅಲ್ಲಿ ಎಷ್ಟ ಒತ್ತಡ ಅಂದ್ರ, ಅದರ ಕಣ ನಾಲ್ಕು ಸೇರಿ ಒಂದಾಗ್ತಾವು. ಹೀಲಿಯಂ ಅಂತ ಅದಕ್ಕ. ನಾಲ್ಕು ಒಳಗ ಹೋಗ್ತಾವ, ಒಂದು ಹೊರಗ ಬರತೈತಿ. ಆದ್ರ ತೂಕ ಮಾಡಿದ್ರ ಆ ಒಂದು, ನಾಲ್ಕರಕಿಂತ ಒಂದೀಟ ಕಡಿಮಿ.”

“ಕಡಿಮಿ ಆದದ್ದು ಎಲ್ಲಿ ಹೋತು?”

“ಅದ ಬಿಸಲು.”

ಈ ಮನೆಯಲ್ಲಿ ನಾವೂ ನಾಲ್ಕು ಜನ ಸೊಸೆಯಂದಿರಿದ್ದೆವು, ಬೇರೆಯಾಗುವ ಮೊದಲು. ನಾಲ್ಕೂರಿನ ನಾಲ್ಕು ಹುಡುಗಿಯರನ್ನು ಒಂದು ಅಡುಗೆಮನೆಗೆ ತುಂಬಿ, ಮೇಲಿಂದ ಒತ್ತಿ ಒತ್ತಿ ಒಂದು ಮಾಡಿದ್ದರು. ಹೊರಗಿನವರು ನೋಡಿ “ಏನ್ ಒಗ್ಗಟ್ಟರೀ ನಿಮ್ಮ ಮನ್ಯಾಗ!” ಅನ್ನುತ್ತಿದ್ದರು. ತೂಕ ಮಾಡಿ ನೋಡಿದವರಿಲ್ಲ. ಒಬ್ಬಳಿಗೆ ಹಾಡು ಬರುತ್ತಿತ್ತು, ಒಬ್ಬಳಿಗೆ ನಗು ಬಹಳ, ಒಬ್ಬಳು ಈಜುತ್ತಿದ್ದಳು. ನನಗೆ ಪ್ರಶ್ನೆಗಳಿದ್ದವು. ಅವೆಲ್ಲ ಎಲ್ಲಿ ಹೋದವು ಎಂದು ಯಾರೂ ಹುಡುಕಲಿಲ್ಲ. ಮನೆ ಮಾತ್ರ ಬೆಚ್ಚಗಿತ್ತು.

ಗಿರಿಜಾ ಇನ್ನೊಂದು ಮಾತು ಹೇಳಿದಳು. ಸೂರ್ಯನ ಹೊಟ್ಟೆಯಲ್ಲಿ ಹುಟ್ಟಿದ ಆ ಕಾವು ಲಗೂನೆ ಹೊರಗೆ ಬರುವುದಿಲ್ಲವಂತೆ. ಅಲ್ಲಿ ಅಷ್ಟು ದಟ್ಟಣೆ. ಒಂದು ಹೆಜ್ಜೆ ಇಟ್ಟರೆ ಯಾವುದೋ ಕಣಕ್ಕೆ ಡಿಕ್ಕಿ, ಹಿಂದೆ ತಿರುಗಿದರೆ ಇನ್ನೊಂದಕ್ಕೆ. ಹಾಗೆ ಒಳಗೊಳಗೇ ಅಲೆದು ಮೇಲೆ ಬರಲಿಕ್ಕೆ ಸಾವಿರಾರು ವರ್ಷ, ಲಕ್ಷ ಎನ್ನುವವರೂ ಇದ್ದಾರಂತೆ. ಮೇಲೆ ಬಂದ ಮೇಲೆ ನಡುವೆ ಗಾಳಿಯೂ ಇಲ್ಲದ ಬಯಲನ್ನು ದಾಟಿ ನಮ್ಮ ಅಂಗಳ ಮುಟ್ಟಲು ಎಂಟೇ ನಿಮಿಷ.

“ಒಳಗಿಂದ ಹೊರಗ ಬರೂದ ತ್ರಾಸವ್ವ,” ಅಂದಳು. “ಹೊರಗ ಬಂದ್ರ ಮುಗೀತು.”

ಇದನ್ನು ಅವಳು ಸೂರ್ಯನ ಬಗ್ಗೆಯೇ ಹೇಳಿದ್ದು. ಆದರೆ ಅದಾದ ಸ್ವಲ್ಪ ದಿನಕ್ಕೆ, ಅವಳ ಕಡೆಯ ವರ್ಷದ ಪರೀಕ್ಷೆ ಹತ್ತಿರ ಬಂದಿದ್ದಾಗ, ರಾಮದುರ್ಗದಿಂದ ಒಂದು ಸಂಬಂಧ ಬಂತು. ಹುಡುಗನಿಗೆ ನೌಕರಿ, ಮನೆತನ ದೊಡ್ಡದು. ಅವರಿಗೆ ಬಹಳ ಅವಸರ, ಪರೀಕ್ಷೆಯ ತನಕ ತಡೆಯುವವರಲ್ಲ. ಗಿರಿಜಾ ಹಿಟ್ಟು ನಾದುತ್ತಿದ್ದ ನನ್ನ ಬೆನ್ನಿಗೆ ಬಂದು ನಿಂತಳು.

“ಅವ್ವಾ, ಪರೀಕ್ಷಾ ಆಗೂತನಕ ತಡೀರಿ ಅಂತ ಅಪ್ಪಗ ಒಂದ ಮಾತ ಹೇಳು. ನಾ ಹೇಳಿದ್ರ ಎದುರು ಮಾತಾಡ್ತಾಳ ಅಂತಾನ.”

“ಹೇಳ್ತೇನಿ,” ಅಂದೆ.

ಊಟಕ್ಕೆ ಬಡಿಸುವಾಗ ಹೇಳಬೇಕೆಂದು ಹೋದೆ. “ಇನ್ನೊಂದ ರೊಟ್ಟಿ ಹಾಕ್ಲ್ಯಾ?” ಎಂದು ಕೇಳಿ ಬಂದೆ. ಮರುದಿನ ದನ ಕಟ್ಟುವಲ್ಲಿ ಹೇಳಬೇಕೆಂದು ಹೋದೆ. ಹಿಂಡಿ ತೀರಿದೆ ಎಂದು ಹೇಳಿ ಬಂದೆ. ಗಿರಿಜಾ ಪ್ರತಿ ಸಲವೂ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಹಿಂಡಿ ಮಾತ್ರ ಬಂತು.

ರಾಮದುರ್ಗದವರು ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಬಂದರು. ಹುಡುಗ, ಅವನ ತಂದೆ, ಹಿಂದೆ ಹೂಂ ಹೂಂ ಎಂದು ತಲೆ ಹಾಕಲಿಕ್ಕೆಂದು ಇಬ್ಬರು ಹಿರಿಯರು. ಹುಡುಗ ಮುಖಕ್ಕೆ ಪೌಡರು ಬಳಿದುಕೊಂಡಿದ್ದ. ಬೇಸಿಗೆಯ ಬಸ್ಸಿನ ಬೆವರಿಗೆ ಅದರಲ್ಲಿ ಕಾಲುವೆ ಬಿದ್ದು, ಉಳುಮೆ ಮಾಡಿದ ಹೊಲದ ಹಾಗೆ ಕಾಣುತ್ತಿತ್ತು. ನಿಮ್ಮ ಅಜ್ಜ ಅವತ್ತು ಬೆಳಿಗ್ಗೆಯೇ ಪೆಟ್ಟಿಗೆಯನ್ನು ಅಂಗಳದ ನಡುವೆ ಇಟ್ಟಿದ್ದರು. ಬಂದವರು ಮೊದಲು ಅದನ್ನು ನೋಡಬೇಕು, ಆಮೇಲೆ ಮಗಳನ್ನು.

ಅವಲಕ್ಕಿ, ಚಹಾ ಆಯಿತು. ಗಿರಿಜಾ ಬಂದು ಕೂತಳು.

“ಅಡಗಿ ಬರತೈತೇನವಾ?” ಎಂದರು ಹುಡುಗನ ತಂದೆ.

“ನಮ್ಮನ್ಯಾಗ ಸೂರ್ಯಗ ಬರತೈತ್ರಿ,” ಅಂದಳು ತಲೆ ಬಗ್ಗಿಸಿಕೊಂಡೇ.

ಹಿರಿಯರಿಬ್ಬರೂ ಇದಕ್ಕೂ ತಲೆ ಹಾಕಿದರು.

ಹೊರಳಿ ಹೋಗುವ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಮಧ್ಯಾಹ್ನವಾಯಿತು. ಪೆಟ್ಟಿಗೆಯಿಂದ ಬೆಂದ ಬೇಳೆಯ ವಾಸನೆ ಪಡಸಾಲೆಗೆ ಬಂತು. ಆದರೆ ನಿಮಗೆ ಗೊತ್ತಿರಲಿ, ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮಾತು ಮುಗಿಯುವ ತನಕ ಆ ಮನೆಯ ಅನ್ನ ಉಣ್ಣುವುದಿಲ್ಲ. ಉಂಡರೆ ಒಪ್ಪಿದ ಹಾಗೆ, ಋಣ ಬಿದ್ದ ಹಾಗೆ. ಹುಡುಗನ ತಂದೆ ಒಂದು ಕಣ್ಣು ಪೆಟ್ಟಿಗೆಯ ಮೇಲೆ ಇಟ್ಟು, “ಊಟ ಗೀಟ ಬ್ಯಾಡ್ರಿ ಗೌಡ್ರ, ಪದ್ಧತಿ ಅಲ್ಲ,” ಅಂದರು.

ನಿಮ್ಮ ಅಜ್ಜನಿಗೆ ಪೆಟ್ಟಿಗೆಯ ಅನ್ನವನ್ನು ಅವರ ಬಾಯಿಗೆ ಮುಟ್ಟಿಸದೆ ನಿದ್ದೆ ಬರುವುದಿಲ್ಲ. “ಇದು ನಮ್ಮನಿ ಊಟನ ಅಲ್ಲಲ್ರಿ!” ಅಂದರು. “ಇದಕ್ಕ ನಮ್ಮ ಒಲಿ ಹೊತ್ತೇ ಇಲ್ಲ. ಬೇಯಿಸಿದಾವ ಸೂರ್ಯ. ಅವ ನಿಮ್ಮ ರಾಮದುರ್ಗದಾಗೂ ಅದಾನ, ಇಲ್ಲೂ ಅದಾನ. ಅವನ ಊಟ ಉಂಡ್ರ ನಮ್ಮ ಋಣ ಹೆಂಗ ಆಗತೈತಿ?”

ಹುಡುಗನ ತಂದೆ ಕೋರ್ಟಿನಲ್ಲಿ ಕೂತವರ ಹಾಗೆ ಮೀಸೆ ತಿರುವಿದರು. “ಅಕ್ಕಿ ಯಾರದು?”

“ರೇಶನ್ ಅಂಗಡೀದು. ಸರಕಾರದ್ದು.”

“ನೀರು?”

“ನಳದ್ದು. ಪಂಚಾಯ್ತಿದು.”

“ಹಂ.” ಹಿರಿಯರ ಕಡೆ ನೋಡಿದರು. ಅವರ ತಲೆಗಳು ಆಗಲೇ ಹೊರಟಿದ್ದವು. “ಉಪ್ಪು?”

ಅಲ್ಲಿ ನಿಮ್ಮ ಅಜ್ಜ ಸಿಕ್ಕಿಬಿದ್ದರು. ಅನ್ನದ ಋಣಕ್ಕಿಂತ ಉಪ್ಪಿನ ಋಣ ದೊಡ್ಡದು. “ಏ, ಬ್ಯಾಳಿಗಿ ಉಪ್ಪ ಹಾಕೀರೇನ?” ಎಂದು ಒಳಗೆ ಕೂಗಿದರು. ಬೆಳಿಗ್ಗೆಯೇ ಹಾಕಿದ್ದೆ, ಕೈತುಂಬ. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅತ್ತೆ ನನ್ನ ಪಕ್ಕದಿಂದಲೇ, “ಇಲ್ಲಪಾ, ಏನೂ ಹಾಕಿಲ್ಲ!” ಅಂದರು. ಮನೆಗೆ ಬಂದವರು ಹಸಿದು ಹೋಗಬಾರದು ಎಂಬುದು ಅವರ ಧರ್ಮ. ಸುಳ್ಳು ಅದಕ್ಕಿಂತ ಸಣ್ಣದು.

ಉಂಡರು. ಹೇಗೆ ಉಂಡರು ಎಂದರೆ, ಡಬ್ಬಿಗಳು ತಮ್ಮ ತಳವನ್ನು ಅವತ್ತೇ ಮೊದಲು ನೋಡಿಕೊಂಡಿರಬೇಕು. “ಉಪ್ಪಿಲ್ಲದ ಬ್ಯಾಳಿ ಎಷ್ಟ ಹದ ಐತ್ರಿ ಗೌಡ್ರ!” ಎಂದು ಹುಡುಗನ ತಂದೆ ಬೆರಳು ನೆಕ್ಕಿದರು. “ಬಿಸಲಿನ್ಯಾಗ ಎಲ್ಲಾ ಸತ್ವ ಇರತೈತ್ರಿ,” ಅಂದರು ನಿಮ್ಮ ಅಜ್ಜ. ಅವರಿಗೂ ಉಪ್ಪು ಗೊತ್ತಾಗಲಿಲ್ಲ. ಸೂರ್ಯನಿಗೆ ಇಷ್ಟು ದಿನ ಕಾವು, ಬೆಳಕು ಎಂದು ಎರಡೇ ಗುಣ ಹೇಳುತ್ತಿದ್ದರು. ಅವತ್ತು ನಮ್ಮ ಪಡಸಾಲೆಯಲ್ಲಿ ಮೂರನೆಯದು ಪತ್ತೆಯಾಯಿತು.

ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು, ಹುಡುಗನ ತಂದೆ ತೀರ್ಪು ಹೇಳಿದರು. ಗಿರಿಜಾ ಅಲ್ಲೇ ತಂಬಿಗೆ ಹಿಡಿದು ನಿಂತಿದ್ದಳು.

“ಎಲ್ಲಾ ಚೊಲೊ ಐತ್ರಿ. ಹುಡುಗಿ ಬಣ್ಣ ಒಂದು ಹಿಂದ ಬಿತ್ತು. ಬಿಸಲಾಗ ಭಾಳ ಅಡ್ಡಾಡ್ತಾಳಂತ ಕಾಣತೈತಿ. ಇರ್ಲಿ ಬಿಡ್ರಿ. ನಾಳಿಂದ ಕಾಲೇಜ ಬಿಡಿಸಿ ಒಳಗ ಕುಂಡ್ರಸ್ರಿ. ಮದಿವಿ ತನಕ ಬಿಸಲ ಬಡೀಲಿಲ್ಲಂದ್ರ ತಾನ ತಿಳಿ ಆಗ್ತಾಳ.”

ನಿಮ್ಮ ಅಜ್ಜ ತಲೆ ಹಾಕಿದರು. ಮೂರನೆಯ ತಲೆ. ಗಿರಿಜಾ ನನ್ನ ಕಡೆ ನೋಡಲಿಲ್ಲ. ಅಷ್ಟು ದಿನ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದವಳು, ಅವತ್ತು ತಂಬಿಗೆಯೊಳಗಿನ ನೀರು ನೋಡುತ್ತಿದ್ದಳು. ನನ್ನಿಂದ ಇನ್ನು ಏನೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು.

ನನ್ನ ಕೈಯಲ್ಲಿ ಖಾಲಿ ಡಬ್ಬಿ ಇತ್ತು. ಇನ್ನೂ ಬಿಸಿ. ಬಾಗಿಲ ಮರೆಯಿಂದ ಯಾವಾಗ ಹೊಸ್ತಿಲು ದಾಟಿದೆನೋ ತಿಳಿಯದು.

“ಹಿರಿಯಾರ,” ಅಂದೆ, “ಈ ಡಬ್ಬಿ ಬೆಳ್ಳಗ ಇದ್ದಿದ್ರ, ನೀವು ಇವತ್ತ ಹಸಿ ಅಕ್ಕಿ ತಿಂದು ಬಸ್ ಹತ್ತಬೇಕಾಗಿತ್ತು.”

ಹಿರಿಯರಿಬ್ಬರಿಗೆ ತಲೆಯನ್ನು ಯಾವ ಕಡೆ ಹಾಕಬೇಕೋ ತಿಳಿಯಲಿಲ್ಲ. ಹುಡುಗನ ತಂದೆ ನಿಮ್ಮ ಅಜ್ಜನ ಕಡೆ ತಿರುಗಿದರು. “ಗೌಡ್ರ, ನಿಮ್ಮನ್ಯಾಗ ಹೆಣ್ಣಮಕ್ಕಳು ಮಾತಾಡ್ತಾರಲ್ಲ!”

ನಿಮ್ಮ ಅಜ್ಜ ನನ್ನನ್ನು ನೋಡುತ್ತಿದ್ದ ರೀತಿ, ಪೆಟ್ಟಿಗೆಯೇ ಎದ್ದು ಮಾತಾಡಿದ ಹಾಗಿತ್ತು. “ನನಗೂ ಈಗ ಗೊತ್ತಾತ್ರಿ,” ಅಂದರು.

ಒಂದು ಮಾತು ಹೊರಗೆ ಬಂದ ಮೇಲೆ ಅದರ ಹಿಂದಿನದಕ್ಕೆ ದಾರಿ ಸಿಕ್ಕಿತು. “ಗಿರಿಜಾ ಪರೀಕ್ಷಾ ಬರಿಯೂತನಕ ಒಳಗ ಕುಂಡ್ರೂದಿಲ್ಲ,” ಅಂದೆ. “ಮದಿವಿ ಮಾತು ಆಮ್ಯಾಲ.” ಯಾರಿಗೆ ಹೇಳಿದೆನೋ. ರಾಮದುರ್ಗದವರಿಗೋ, ನಿಮ್ಮ ಅಜ್ಜನಿಗೋ, ನಶ್ಯದ ಡಬ್ಬಿಯ ಗುರುಗಳಿಗೋ.

ಹುಡುಗನ ತಂದೆ ಎದ್ದರು. ಟೊಪ್ಪಿಗೆ ಹಾಕಿಕೊಂಡು, “ನಡೀರಿ. ಸೂರ್ಯನ ಊಟ ಉಂಡೇವಿ. ಈ ಮನೀ ಋಣ ನಮ್ಮ ಮ್ಯಾಲ ಏನೂ ಇಲ್ಲ,” ಅಂದರು.

ಆಗ ಒಳಗಿನಿಂದ ಅತ್ತೆಯ ಧ್ವನಿ ಬಂತು. “ಬ್ಯಾಳಿಗಿ ಉಪ್ಪ ಹಾಕಿತ್ತಪೋ!”

ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಹೊರಗೆ, ಆ ಮನುಷ್ಯ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಏನು ಮಾಡಿಯಾರು, ಉಂಡದ್ದನ್ನು ತಿರುಗಿ ಕೊಡಲು ಬರುವುದಿಲ್ಲ. ನಮ್ಮ ಉಪ್ಪನ್ನು ಹೊತ್ತುಕೊಂಡೇ ಯರಗಟ್ಟಿಯ ತನಕ ಹೋದರು.

ವಾರದೊಳಗೆ ಹೇಳಿಕಳಿಸಿದರು. ಹುಡುಗಿ ಅಡ್ಡಿಯಿಲ್ಲವಂತೆ, ಹುಡುಗಿಯ ತಾಯಿ ಬಹಳ ಬಾಯಿಯವಳಂತೆ, ಅಂಥ ಮನೆಯ ಸಂಬಂಧ ಬೇಡವಂತೆ. ನಾನು! ಬಹಳ ಬಾಯಿಯವಳು! ಆ ಮಾತನ್ನು ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಾ ಒಬ್ಬಳೇ ಹಲವು ಸಲ ಹೇಳಿಕೊಂಡು ನಕ್ಕೆ. ಅಕ್ಕಪಕ್ಕದ ಮಾಳಿಗೆಯವರಿಗೆ ಬಿಸಿಲು ತಲೆಗೆ ಏರಿದೆ ಅನ್ನಿಸಿರಬೇಕು.

ನಿಮ್ಮ ಅಜ್ಜ ನಾಲ್ಕಾರು ದಿನ ಪೆಟ್ಟಿಗೆಯನ್ನು ಮಾತ್ರ ತಿರುಗಿಸುತ್ತಿದ್ದರು. ಒಂದು ಮಧ್ಯಾಹ್ನ ಅದನ್ನು ತಿರುಗಿಸುತ್ತಲೇ, ನನ್ನ ಕಡೆ ನೋಡದೆ, “ಪರೀಕ್ಷಾ ಐತಿ ಅಂತ ಮೊದಲ ಹೇಳಾಕ ಏನಾಗಿತ್ತು ನಿನಗ?” ಅಂದರು.

“ಒಳಗಿಂದ ಹೊರಗ ಬರೂದ ತ್ರಾಸು,” ಅಂದೆ.

ಅವರಿಗೆ ತಿಳಿಯಲಿಲ್ಲ. ಆದರೆ ಮರುದಿನ ಗಿರಿಜಾಳನ್ನು ಬಸ್ಸಿಗೆ ಬಿಡಲು ತಾವೇ ಹೋದರು. ಕೆಟ್ಟವರಲ್ಲ ನಿಮ್ಮ ಅಜ್ಜ. ಅವರನ್ನು ಆಗಾಗ ಒಂದಿಷ್ಟು ತಿರುಗಿಸಬೇಕಾಗಿತ್ತು, ಅಷ್ಟೇ. ಅದು ನನಗೆ ಮೊದಲೇ ಹೊಳೆದಿದ್ದರೆ ಎಷ್ಟು ಅಡುಗೆ ಲಗೂನೆ ಆಗುತ್ತಿತ್ತೋ. ಈಗ ಅವರಿಲ್ಲ, ಹೇಳಿ ಏನು.

ನಿಮ್ಮವ್ವ ಪರೀಕ್ಷೆ ಬರೆದಳು, ಪಾಸಾದಳು. ಆಮೇಲೆ ಸವದತ್ತಿಯಿಂದ ನಿಮ್ಮ ಅಪ್ಪ ಬಂದರು. ಅವರು ಬಂದ ದಿನ ಮೋಡ, ಪೆಟ್ಟಿಗೆ ಕೆಲಸಕ್ಕೆ ಬರಲಿಲ್ಲ. ಹಸಿವಾಗಿದೆ ಎಂದು ಒಲೆಯ ಮೇಲಿನ ಅನ್ನವನ್ನೇ ಹಾಕಿಸಿಕೊಂಡು, ಪದ್ಧತಿ ಗಿದ್ಧತಿ ನೋಡದೆ, ಉಪ್ಪು ಕಡಿಮೆ ಎಂದು ಕೇಳಿ ಹಾಕಿಸಿಕೊಂಡು ಉಂಡರು. ಅವತ್ತೇ ನನಗೆ ಈ ಹುಡುಗ ಹಿಡಿಸಿದ.

ಪೆಟ್ಟಿಗೆ ಬಹಳ ವರ್ಷ ಬಾಳಿತು. ಗಾಜು ಒಡೆಯಿತು, ಮರವನ್ನು ಗೆದ್ದಲು ತಿಂದಿತು. ಉಳಿದದ್ದು ಈ ಡಬ್ಬಿ ಒಂದೇ. ವೀಣಾ, ಬೆಳ್ಳಗಿರುವುದು ಬಂದ ಬಿಸಿಲನ್ನು ಹೊರಳಿ ಕಳಿಸಿಬಿಡುತ್ತದೆ. ಕಪ್ಪಗಿರುವುದು ಒಳಗೆ ಕರೆದು ಕೂರಿಸಿಕೊಳ್ಳುತ್ತದೆ. ಅದನ್ನು ನನಗೆ ಕಲಿಸಿದವಳು ನಿಮ್ಮವ್ವ, ರಾಮದುರ್ಗಕ್ಕೆ ಕಲಿಸಿದವಳು ನಾನು. ನೀನು ತಿಕ್ಕಿದ ಕಡೆ ಒಂದು ಬೆರಳಿನಷ್ಟು ಬಣ್ಣ ಹೋಗಿದೆ. ಕರಿ ಬಣ್ಣ ತರಿಸಿ ಮತ್ತೆ ಬಳಿಯುತ್ತೇನೆ.

ನಿನ್ನ ಕ್ರೀಮಿನ ಟ್ಯೂಬು ಬೆಳಗಿನಿಂದ ಕಾಣುತ್ತಿಲ್ಲವೆಂದು ಹುಡುಕುತ್ತಿದ್ದೀಯಲ್ಲ, ನಿಮ್ಮವ್ವನನ್ನು ಕೇಳಬೇಡ. ಅದನ್ನು ಈ ಡಬ್ಬಿಯೊಳಗೆ ಹಾಕಿ, ಮುಚ್ಚಿ, ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟಿದ್ದೇನೆ. ಸಂಜೆ ಇಬ್ಬರೂ ಹೋಗಿ ತೆರೆದು ನೋಡೋಣ, ಯಾರು ಯಾರ ಬಣ್ಣ ಇಳಿಸಿದ್ದಾರೆ ಅಂತ.